ತಕ್ಕಡಿಯನ್ನೇ ತೂಗುವ ಬಗೆ

ಸಂತೆಯಲ್ಲಿ ಬೆಲ್ಲ ಕೊಳ್ಳುವಾಗ ನಾವೆಲ್ಲರೂ ಬೆಲ್ಲದ ಬಣ್ಣವನ್ನು ನೋಡುತ್ತೇವೆ, ತಕ್ಕಡಿಯ ಮುಳ್ಳನ್ನೂ ನೋಡುತ್ತೇವೆ. ಆದರೆ ತಕ್ಕಡಿಯ ಮೇಲೆಯೇ ಸಂಶಯ ಬರುವುದು ಅಪರೂಪ. ನಮ್ಮ ಪರವಾಗಿ ಆ ಸಂಶಯವನ್ನು ಪಡುವುದಕ್ಕೆಂದೇ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರು ಇದ್ದಾರೆ. ಅವರು ಅಂಗಡಿಗೆ ಬಂದರೆ ಬೆಲ್ಲವನ್ನು ತೂಗಿಸುವುದಿಲ್ಲ. ತೂಕ ಇಷ್ಟೇ ಎಂದು ಮೊದಲೇ ನಿಷ್ಕರ್ಷೆಯಾಗಿರುವ ತಮ್ಮ ಬಟ್ಟುಗಳನ್ನು ತಟ್ಟೆಯಲ್ಲಿಟ್ಟು ತಕ್ಕಡಿಯನ್ನೇ ತೂಗುತ್ತಾರೆ.

ಗಣಕಯಂತ್ರಗಳ ಲೋಕದಲ್ಲಿಯೂ ಇಂಥ ತಕ್ಕಡಿಯೊಂದುಂಟು. ಅದರ ಹೆಸರು ಡಿಬಗರ್. ದೋಷಶೋಧಕ ಎಂದು ಬೇಕಾದರೂ ಕರೆಯಬಹುದು. ಬ್ಯಾಂಕಿನ ಬಡ್ಡಿ, ವಿಮಾನದ ಎತ್ತರ, ರೋಗಿಗೆ ಕೊಡಬೇಕಾದ ಔಷಧಿಯ ಪ್ರಮಾಣ ಇವನ್ನೆಲ್ಲ ಇಂದು ಲೆಕ್ಕ ಹಾಕುವುದು ಗಣಕಯಂತ್ರದ ಪ್ರೋಗ್ರಾಮುಗಳು. ಪ್ರೋಗ್ರಾಮು ಎಂದರೆ ಯಂತ್ರಕ್ಕೆ ನಾವು ಬರೆದುಕೊಡುವ ಆಜ್ಞೆಗಳ ಪಟ್ಟಿ. ಲೆಕ್ಕ ಎಲ್ಲಿಯೋ ತಪ್ಪಿತೆಂದಿಟ್ಟುಕೊಳ್ಳಿ. ಆಗ ಡಿಬಗರ್ ಆ ಪ್ರೋಗ್ರಾಮನ್ನು ನಡುದಾರಿಯಲ್ಲಿ ನಿಲ್ಲಿಸಿ, ಆ ಕ್ಷಣದಲ್ಲಿ ಯಂತ್ರದ ನೆನಪಿನ ಯಾವ ಗೂಡಿನಲ್ಲಿ ಯಾವ ಸಂಖ್ಯೆ ಕುಳಿತಿದೆಯೆಂದು ತೋರಿಸುತ್ತದೆ. ರಿಚರ್ಡ್ ಸ್ಟಾಲ್‌ಮನ್ ಅವರು 1986ರಲ್ಲಿ ಬರೆದ ಜಿ.ಡಿ.ಬಿ. ಎಂಬುದು ಇವುಗಳಲ್ಲಿ ಬಹು ಪ್ರಸಿದ್ಧವಾದುದು. ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ತಪ್ಪು ಹುಡುಕುವವನು ಡಿಬಗರಿನ ಮಾತನ್ನು ಸಾಕ್ಷಿಯ ಮಾತೆಂದು ನಂಬುತ್ತಾನೆ. ಆ ಸಾಕ್ಷಿಯೇ ಕೊಂಚ ತಪ್ಪಾಗಿ ಹೇಳಿದರೆ? ದಶಾಂಶ ಸಂಖ್ಯೆಗಳ ವಿಷಯದಲ್ಲಿ ಇದು ಬರಿಯ ಕಲ್ಪನೆಯ ಭಯವಲ್ಲ. ಹಾಗಾದರೆ ಸಾಕ್ಷಿಯನ್ನು ಪರೀಕ್ಷಿಸುವುದು ಹೇಗೆ? ಈ ಲೇಖನದಲ್ಲಿ ಅದನ್ನೇ ವಿಚಾರ ಮಾಡೋಣ.

ಯಂತ್ರಕ್ಕೆ ತಿಳಿದಿರುವ ಭಿನ್ನರಾಶಿ

ಮೊದಲು ಯಂತ್ರವು ಸಂಖ್ಯೆಯನ್ನು ಹೇಗೆ ಬರೆದುಕೊಳ್ಳುತ್ತದೆಂಬುದನ್ನು ನೋಡಬೇಕು. ನಮ್ಮ ಹಿರಿಯರು ಬಾಯಿಪಾಠ ಮಾಡುತ್ತಿದ್ದ ಭಿನ್ನರಾಶಿಗಳನ್ನು ನೆನೆಯಿರಿ: ಅರೆ, ಕಾಲು, ಅರೆಕಾಲು, ವೀಸ, ಅರೆವೀಸ. ಒಂದನ್ನು ಎರಡಾಗಿ ಸೀಳಿದರೆ ಅರೆ. ಅದನ್ನು ಮತ್ತೆ ಸೀಳಿದರೆ ಕಾಲು. ಹೀಗೆ ಎಂಟನೆಯ ಒಂದು, ಹದಿನಾರನೆಯ ಒಂದು, ಮೂವತ್ತೆರಡನೆಯ ಒಂದು. ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳನ್ನು ಬಲ್ಲ ಗಣಕಯಂತ್ರಕ್ಕೆ ತಿಳಿದಿರುವುದೂ ಈ ಬಗೆಯ ಭಿನ್ನರಾಶಿಗಳೇ. ಮುಕ್ಕಾಲು ಎಂದರೆ ಅದಕ್ಕೆ ಅರೆ ಮತ್ತು ಕಾಲು, ಲೆಕ್ಕ ಚೊಕ್ಕ.

ಈಗ ಹತ್ತನೆಯ ಒಂದು, ಅಂದರೆ 0.1, ಎಷ್ಟೆಂದು ಕೇಳಿ ನೋಡಿ. ವೀಸಕ್ಕೆ ಅರೆವೀಸ ಸೇರಿಸಿದರೆ 0.09375 ಆಯಿತು, ಇನ್ನೂ ಸಾಲದು. 256ನೆಯ ಒಂದನ್ನು ಸೇರಿಸಿದರೆ 0.09765625, 512ನೆಯ ಒಂದನ್ನೂ ಸೇರಿಸಿದರೆ 0.099609375. ಹೀಗೆ ಎಷ್ಟು ಸೇರಿಸಿದರೂ ಹತ್ತಿರ ಹತ್ತಿರ ಹೋಗುತ್ತೇವೆಯೇ ಹೊರತು ಮುಟ್ಟುವುದಿಲ್ಲ. ನಾವು ಮೂರನೆಯ ಒಂದನ್ನು 0.3333 ಎಂದು ಬರೆಯಹೊರಟರೆ ಮುಗಿಯದಿರುವಂತೆ, ಯಂತ್ರಕ್ಕೆ ಹತ್ತನೆಯ ಒಂದು ಮುಗಿಯುವುದಿಲ್ಲ. ಎಲ್ಲಿಯಾದರೂ ಒಂದು ಕಡೆ ಕೈಬಿಡಲೇಬೇಕು.

ಕೈಬಿಟ್ಟರೆ ಏನಾಗುತ್ತದೆಂಬುದು ನಮ್ಮ ದೇಶಕ್ಕೆ ಹೊಸದಲ್ಲ. 1957ರ ಏಪ್ರಿಲ್ 1ರಂದು ಆಣೆಗಳ ಜಾಗದಲ್ಲಿ ನಯೇ ಪೈಸೆ ಬಂತು. ರೂಪಾಯಿಗೆ 16 ಆಣೆ ಇದ್ದುದು 100 ನಯೇ ಪೈಸೆಯಾಯಿತು. ಲೆಕ್ಕದ ಪ್ರಕಾರ ಒಂದಾಣೆಗೆ 6.25 ನಯೇ ಪೈಸೆ. ಆದರೆ ಕಾಲು ಪೈಸೆಯ ನಾಣ್ಯವಿರಲಿಲ್ಲ. ಪರಿವರ್ತನೆಯ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದಿತ್ತು. ಒಂದೊಂದಾಣೆಯ ಮೂರು ಪದಾರ್ಥಗಳನ್ನು ಬೇರೆ ಬೇರೆಯಾಗಿ ಕೊಂಡರೆ 18 ಪೈಸೆ, ಒಟ್ಟಿಗೆ ಕೊಂಡರೆ 19 ಪೈಸೆ! ಅಂಗಡಿಯವನೂ ಮೋಸ ಮಾಡಲಿಲ್ಲ, ಗಿರಾಕಿಯೂ ಮಾಡಲಿಲ್ಲ. ಉಳಿದ ಚೂರನ್ನು ಎಲ್ಲಿ ಕೈಬಿಟ್ಟರು ಎಂಬುದೇ ವ್ಯತ್ಯಾಸಕ್ಕೆ ಕಾರಣ.

ತೇಲುವ ಬಿಂದು

ಚಂದ್ರನ ದೂರವನ್ನು 3,84,000 ಕಿಲೋಮೀಟರ್ ಎಂದು ಬರೆಯುವ ಬದಲು, 3.84ನ್ನು ಹತ್ತರ ಐದನೆಯ ಘಾತದಿಂದ ಗುಣಿಸಿದಷ್ಟು ಎಂದೂ ಬರೆಯಬಹುದು. ಮುಖ್ಯ ಅಂಕಿಗಳು ಒಂದೆಡೆ, ಬಿಂದು ಎಲ್ಲಿರಬೇಕೆಂಬ ಸೂಚನೆ ಇನ್ನೊಂದೆಡೆ. ಸೂಚನೆ ಬದಲಾದಂತೆ ಬಿಂದುವು ಹಿಂದಕ್ಕೂ ಮುಂದಕ್ಕೂ ಚಲಿಸುವುದರಿಂದ ಇದಕ್ಕೆ ತೇಲುಬಿಂದು ಪದ್ಧತಿಯೆಂದು ಹೆಸರು. ಜರ್ಮನಿಯ ಕೊನ್ರಾಡ್ ಟ್ಸೂಸೆ ಅವರು 1941ರಲ್ಲಿ ಬರ್ಲಿನ್ನಿನಲ್ಲಿ ಕಟ್ಟಿದ ಝಡ್-3 ಯಂತ್ರದಲ್ಲಿಯೇ ಈ ಪದ್ಧತಿಯಿತ್ತು. ಆಮೇಲೆ ಪ್ರತಿಯೊಂದು ಕಂಪೆನಿಯೂ ತನ್ನದೇ ಕಟ್ಟಳೆ ಮಾಡಿಕೊಂಡಿತು. ಒಂದು ಯಂತ್ರದ ಉತ್ತರ ಇನ್ನೊಂದರಲ್ಲಿ ಬರುತ್ತಿರಲಿಲ್ಲ. 1985ರಲ್ಲಿ ಐ.ಇ.ಇ.ಇ. 754 ಎಂಬ ಸಾಮಾನ್ಯ ಕಟ್ಟಳೆ ಬಂದಮೇಲೆ ಈ ಗೊಂದಲ ಬಹುಮಟ್ಟಿಗೆ ಅಡಗಿತು. ಇದಕ್ಕಾಗಿ ದುಡಿದವರಲ್ಲಿ ಮುಖ್ಯರಾದ ವಿಲಿಯಂ ಕಹಾನ್ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಈ ಕಟ್ಟಳೆಯಲ್ಲಿ ಎರಡು ಅಳತೆಗಳು ಹೆಚ್ಚು ಬಳಕೆಯವು. ಚಿಕ್ಕ ಅಳತೆಗೆ 32 ಬಿಟ್‌ಗಳು, ಅಂದರೆ ಸೊನ್ನೆ-ಒಂದುಗಳ 32 ಮನೆಗಳು. ದೊಡ್ಡ ಅಳತೆಗೆ 64. ದೊಡ್ಡದರಲ್ಲಿ ಒಂದು ಮನೆ ಧನವೋ ಋಣವೋ ಎಂಬುದಕ್ಕೆ, 11 ಮನೆಗಳು ಬಿಂದುವಿನ ಸ್ಥಾನಕ್ಕೆ, 52 ಮನೆಗಳು ಅಂಕಿಗಳಿಗೆ. ಇಷ್ಟು ಮನೆಗಳಿದ್ದರೂ 0.1 ಹಿಡಿಸುವುದಿಲ್ಲ. ಯಂತ್ರದಲ್ಲಿ ನಿಜವಾಗಿ ಕುಳಿತಿರುವ ಸಂಖ್ಯೆ 0.1000000000000000055511 ಎಂದು ಆರಂಭವಾಗಿ ಬಹು ದೂರ ಹೋಗುತ್ತದೆ. ನಿಮ್ಮ ಮನೆಯಲ್ಲಿ ಪ್ರೋಗ್ರಾಮು ಬರೆಯುವ ಹುಡುಗನೋ ಹುಡುಗಿಯೋ ಇದ್ದರೆ, 0.1ಕ್ಕೆ 0.2 ಕೂಡಿಸಿದರೆ ಎಷ್ಟೆಂದು ಯಂತ್ರವನ್ನು ಕೇಳಿಸಿ ನೋಡಿ. ಬಹುತೇಕ ಭಾಷೆಗಳಲ್ಲಿ 0.30000000000000004 ಎಂಬ ಉತ್ತರ ಬರುತ್ತದೆ.

ಚೂರಿನ ಬೆಲೆ

ಹದಿನೇಳನೆಯ ಸ್ಥಾನದ ಒಂದು ಅಂಕಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರವಾಗಿ ಒಂದು ದಾರುಣ ಸಂಗತಿಯನ್ನು ಹೇಳಬೇಕಾಗಿದೆ.

1991ರ ಕೊಲ್ಲಿ ಯುದ್ಧದಲ್ಲಿ, ಫೆಬ್ರವರಿ 25ರಂದು, ಸೌದಿ ಅರೇಬಿಯದ ದಹ್ರಾನಿನಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಯೊಂದು ಅಮೆರಿಕದ ಸೈನಿಕರ ವಸತಿಯ ಮೇಲೆ ಬಿದ್ದು 28 ಮಂದಿ ಸತ್ತರು. ಅದನ್ನು ತಡೆಯಬೇಕಾಗಿದ್ದ ಪೇಟ್ರಿಯಟ್ ಕ್ಷಿಪಣಿ ಹಾರಲೇ ಇಲ್ಲ. ಆ ವ್ಯವಸ್ಥೆಯ ಗಡಿಯಾರ ಕಾಲವನ್ನು ಸೆಕೆಂಡಿನ ಹತ್ತನೆಯ ಒಂದರಂತೆ ಎಣಿಸುತ್ತಿತ್ತು. ಎಣಿಕೆಯನ್ನು ಸೆಕೆಂಡುಗಳಾಗಿ ಮಾಡುವಾಗ 0.1ರಿಂದ ಗುಣಿಸಬೇಕು, ಆ 0.1ನ್ನು 24 ಬಿಟ್‌ಗಳಲ್ಲಿ ಕತ್ತರಿಸಿ ಇಟ್ಟಿದ್ದರು. ಇದು ತೇಲುಬಿಂದುವಲ್ಲ, ಸ್ಥಿರಬಿಂದು. ಆದರೆ ರೋಗದ ಮೂಲ ಒಂದೇ. ಪ್ರತಿ ಎಣಿಕೆಗೆ ಆದ ತಪ್ಪು ಸುಮಾರು 0.000000095 ಸೆಕೆಂಡು. ವ್ಯವಸ್ಥೆ 100 ಗಂಟೆಗಳ ಕಾಲ ಎಡೆಬಿಡದೆ ನಡೆದಿತ್ತು. ಅಂದರೆ 36 ಲಕ್ಷ ಎಣಿಕೆಗಳು. ತಪ್ಪು ಬೆಳೆದು ಸೆಕೆಂಡಿನ ಮೂರನೆಯ ಒಂದಕ್ಕಿಂತ ಕೊಂಚ ಹೆಚ್ಚಾಯಿತು. ಕ್ಷಿಪಣಿಯನ್ನು ಹುಡುಕಬೇಕಾದ ಕಡೆಗಿಂತ 687 ಮೀಟರ್ ಆಚೆ ಯಂತ್ರ ಹುಡುಕಿತೆಂದು ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನ ಕಚೇರಿ 1992ರಲ್ಲಿ ವರದಿ ಮಾಡಿತು. ಹೆಚ್ಚು ಹೊತ್ತು ನಡೆದರೆ ಗುರಿ ಸರಿಯುತ್ತದೆಂಬ ಸುಳಿವು ಇಸ್ರೇಲಿನಿಂದ ಫೆಬ್ರವರಿ 11ರಂದೇ ಬಂದಿತ್ತು. ತಿದ್ದಿದ ಪ್ರೋಗ್ರಾಮು ದಹ್ರಾನಿಗೆ ತಲುಪಿದ್ದು ಫೆಬ್ರವರಿ 26ರಂದು, ದುರ್ಘಟನೆಯ ಮರುದಿನ.

ಈಗ ನಮ್ಮ ವಿಷಯಕ್ಕೆ ಬನ್ನಿ. ಹೀಗೆ ಕತ್ತರಿಸಿದ 0.1ರ ನಿಜವಾದ ಬೆಲೆ 0.0999999046. ಬಿಂದುವಿನ ಆಚೆ ಆರು ಸ್ಥಾನಗಳನ್ನು ಮಾತ್ರ ತೋರಿಸುವ ಡಿಬಗರಿನಲ್ಲಿ ಇಂಥ ಗೂಡನ್ನು ನೋಡಿದರೆ ಏನು ಕಾಣುತ್ತದೆ? 0.100000. ನೋಡಿದವನು, ಇಲ್ಲಿ ಎಲ್ಲ ಸರಿಯಾಗಿದೆ, ತಪ್ಪು ಬೇರೆಲ್ಲೋ ಇದೆ ಎಂದು ಮುಂದೆ ಹೋಗುತ್ತಾನೆ. ತಪ್ಪು ಕಣ್ಣೆದುರಿಗೇ ಇದ್ದರೂ ಸಾಕ್ಷಿ ಅದನ್ನು ಮುಚ್ಚಿಟ್ಟಂತಾಯಿತು. ಡಿಬಗರಿನ ನಿಷ್ಕೃಷ್ಟತೆಯನ್ನು ಪರೀಕ್ಷಿಸಬೇಕೆನ್ನುವುದು ಇದಕ್ಕಾಗಿಯೇ.

ಪರೀಕ್ಷೆಯ ಬಟ್ಟುಗಳು

ಮೊದಲನೆಯ ಪರೀಕ್ಷೆ ತೋರಿಸುವ ಅಂಕಿಗಳ ಸಂಖ್ಯೆಯದು. ಚಿಕ್ಕ ಅಳತೆಯ ಸಂಖ್ಯೆಗೆ 9 ಅಂಕಿಗಳನ್ನೂ ದೊಡ್ಡ ಅಳತೆಯದಕ್ಕೆ 17 ಅಂಕಿಗಳನ್ನೂ ಸರಿಯಾಗಿ ತೋರಿಸಿದರೆ, ಆ ಅಂಕಿಗಳನ್ನು ಮತ್ತೆ ಯಂತ್ರಕ್ಕೆ ಓದಿಸಿದಾಗ ಮೊದಲಿದ್ದ ಬಿಟ್‌ಗಳೇ ಬರುತ್ತವೆ. ಒಂದೂ ಹೆಚ್ಚು ಕಡಮೆಯಾಗುವುದಿಲ್ಲ. ಹೀಗೆ ಹೋಗಿ ಬರುವುದಕ್ಕೆ ಎಷ್ಟು ಅಂಕಿಗಳು ಬೇಕೆಂಬುದರ ಗಣಿತವನ್ನು ಡೇವಿಡ್ ಮಟುಲ ಎಂಬವರು 1968ರಲ್ಲಿ ವಿವರಿಸಿದರು. ಜಿ.ಡಿ.ಬಿ.ಯಲ್ಲಿ 0.1 ಎಷ್ಟೆಂದು ಕೇಳಿದರೆ 0.10000000000000001 ಎಂಬ ಉತ್ತರ ಬರುವುದು ಇದರಿಂದಲೇ. ಹೊಸಬರು ಇದನ್ನು ಕಂಡು ಡಿಬಗರ್ ಕೆಟ್ಟಿದೆಯೆಂದು ದೂರುವುದುಂಟು. ನಿಜವಾಗಿ ಅದು ಕೆಟ್ಟಿಲ್ಲ. ಉಳಿದವರು ಸಂಕೋಚದಿಂದ ಬಿಟ್ಟ ಮಾತನ್ನು ಅದು ಹೇಳುತ್ತಿದೆ. ಬಿಟ್‌ಗಳು ತಪ್ಪದೆ ಹಿಂದಿರುಗುವುದಕ್ಕೆ ಸಾಕಾಗುವಷ್ಟೇ, ಅತ್ಯಂತ ಕಡಮೆ ಅಂಕಿಗಳನ್ನು ತೋರಿಸುವುದು ಇನ್ನೊಂದು ಪ್ರಾಮಾಣಿಕ ಮಾರ್ಗ. ಅದರ ವಿಧಾನವನ್ನು ಸ್ಟೀಲ್ ಮತ್ತು ವೈಟ್ ಎಂಬವರು 1990ರಲ್ಲಿ ಪ್ರಕಟಿಸಿದರು. ಯಾವ ಮಾರ್ಗವಾದರೂ ಆಗಬಹುದು. ತೋರಿಸಿದ್ದನ್ನು ಮತ್ತೆ ಓದಿಸಿದಾಗ ಅದೇ ಸಂಖ್ಯೆ ಬರಬೇಕು, ಇದು ಪರೀಕ್ಷೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪರೀಕ್ಷೆ ಬರೆಯುವವರು ಸುಲಭವೆಂದು 0.5, 1.5, 2.25 ಇಂಥ ಸಂಖ್ಯೆಗಳನ್ನೇ ಆರಿಸಿಕೊಳ್ಳುವುದುಂಟು. ಇವೆಲ್ಲ ಅರೆ, ಕಾಲುಗಳ ಕುಟುಂಬದವು. ಯಾವ ಸೋಮಾರಿ ಡಿಬಗರಾದರೂ ಇವನ್ನು ಸರಿಯಾಗಿಯೇ ತೋರಿಸುತ್ತದೆ. ಇವು ಬೇಡವೆಂದಲ್ಲ, ಚೊಕ್ಕ ಸಂಖ್ಯೆ ಚೊಕ್ಕವಾಗಿಯೇ ಕಾಣಬೇಕೆಂಬುದೂ ಒಂದು ಪರೀಕ್ಷೆಯೇ. ಆದರೆ ಇವಿಷ್ಟೇ ಸಾಲದು. ತಕ್ಕಡಿಯ ಓರೆ ಬಯಲಾಗಬೇಕಾದರೆ 0.1, 1.2, ಮೂರನೆಯ ಒಂದು, ಇಂಥ ಮೊಂಡು ಸಂಖ್ಯೆಗಳೇ ಬೇಕು.

ಎರಡನೆಯದು ಎರಡು ಅಳತೆಗಳನ್ನು ಬೆರೆಸಿದಾಗಿನ ಪರೀಕ್ಷೆ. ಚಿಕ್ಕ ಅಳತೆಯ ಗೂಡಿನಲ್ಲಿ 0.1 ಇಟ್ಟರೆ ಅಲ್ಲಿ ಕುಳಿತುಕೊಳ್ಳುವುದು ಸುಮಾರು 0.10000000149. ದೊಡ್ಡ ಅಳತೆಯ 0.1 ಬೇರೆಯೇ. ಆದುದರಿಂದ ‘ಈ ಗೂಡು 0.1ಕ್ಕೆ ಸಮವಾದಾಗ ಪ್ರೋಗ್ರಾಮನ್ನು ನಿಲ್ಲಿಸು’ ಎಂದು ಡಿಬಗರಿಗೆ ಹೇಳಿದರೆ, ಅದು ಎಂದೆಂದಿಗೂ ನಿಲ್ಲಿಸದೆ ಹೋಗಬಹುದು. ಸಿ ಭಾಷೆಯ ನಿಯಮದಂತೆ ಎರಡೂ ಸಮವಲ್ಲ. ಡಿಬಗರೂ ಸಮವಲ್ಲವೆಂದೇ ಹೇಳಬೇಕು. ಕೇಳಿದವನನ್ನು ಮೆಚ್ಚಿಸಲು ಸಮವೆಂದರೆ, ಪ್ರೋಗ್ರಾಮು ಒಂದು ದಾರಿ ಹಿಡಿದು ಡಿಬಗರ್ ಇನ್ನೊಂದು ದಾರಿ ತೋರಿಸಿದಂತಾಗುತ್ತದೆ.

ಮೂರನೆಯದು ಎಲ್ಲೆಕಟ್ಟಿನ ಪರೀಕ್ಷೆ. ದೊಡ್ಡ ಅಳತೆಯಲ್ಲಿ 9007199254740992 ಎಂಬ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಮತ್ತೆ ಅದೇ ಸಂಖ್ಯೆ ಬರುತ್ತದೆ. ಏಕೆಂದರೆ ಮುಂದಿನ ಬೆಸಸಂಖ್ಯೆಗೆ ಅಲ್ಲಿ ಮನೆಯಿಲ್ಲ. ಡಿಬಗರ್ ಜಾಣತನ ತೋರಿಸಿ ಕೊನೆಯಲ್ಲಿ 993 ಎಂದು ಉತ್ತರ ಕೊಟ್ಟರೆ ಗಣಿತಕ್ಕೆ ಅದು ಸರಿ, ಡಿಬಗರಿಗೆ ತಪ್ಪು. ಅದರ ಕೆಲಸ ಸರಿಯಾದ ಮೊತ್ತವನ್ನು ಹೇಳುವುದಲ್ಲ. ಆ ಯಂತ್ರ ಹಾಕುವ ಮೊತ್ತವನ್ನು ಹೇಳುವುದು. ಸಾಕ್ಷಿಯಾದವನು ಕಂಡದ್ದನ್ನು ಹೇಳಬೇಕು, ಹೇಗಿದ್ದರೆ ಚೆನ್ನಾಗಿತ್ತೆಂಬುದನ್ನಲ್ಲ.

ನಾಲ್ಕನೆಯದು ವಿಚಿತ್ರ ಸದಸ್ಯರ ಪರೀಕ್ಷೆ. ಕಟ್ಟಳೆಯಲ್ಲಿ ಅನಂತಕ್ಕೂ ಒಂದು ರೂಪವುಂಟು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ ಬರುವ ‘ಸಂಖ್ಯೆಯಲ್ಲದ್ದು’ ಎಂಬುದಕ್ಕೂ ಒಂದು ರೂಪವುಂಟು. ಇದು ತನಗೆ ತಾನೇ ಸಮವಲ್ಲ. ಋಣ ಸೊನ್ನೆ ಎಂಬುದೂ ಇದೆ. ಇವುಗಳ ಹೆಸರನ್ನೂ ಚಿಹ್ನೆಯನ್ನೂ ಡಿಬಗರ್ ತಪ್ಪದೆ ತೋರಿಸಬೇಕು. ಅತಿ ಸಣ್ಣ ಸಂಖ್ಯೆಗಳನ್ನೂ ಮರೆಯಬಾರದು. 2011ರ ಜನವರಿಯಲ್ಲಿ, ಜಾಲತಾಣಗಳನ್ನು ಕಟ್ಟಲು ಬಳಸುವ ಪಿ.ಎಚ್.ಪಿ. ಭಾಷೆಗೆ ಬಿಂದುವಿನ ಆಚೆ 307 ಸೊನ್ನೆಗಳಾದಮೇಲೆ 22250738585072011 ಎಂದು ಬರುವ ಒಂದು ಸಂಖ್ಯೆಯನ್ನು ಓದಿಸಿದರೆ, ಕೆಲವು ಯಂತ್ರಗಳಲ್ಲಿ ಅದು ಮುಗಿಯದ ಸುತ್ತಿನಲ್ಲಿ ಸಿಕ್ಕಿಬೀಳುತ್ತದೆಂದು ಬೆಳಕಿಗೆ ಬಂತು.

ಅದಕ್ಕೆ ಕಾರಣವೂ ತಿಳಿಯತಕ್ಕದ್ದೇ. 1980ರಲ್ಲಿ ಬಂದ ಇಂಟೆಲ್ 8087 ಮತ್ತು ಅದರ ಸಂತತಿಯ ಲೆಕ್ಕಯಂತ್ರಗಳು ಲೆಕ್ಕದ ನಡುವೆ ಸಂಖ್ಯೆಯನ್ನು 80 ಬಿಟ್‌ಗಳಲ್ಲಿ ಹಿಡಿದುಕೊಂಡು, ನೆನಪಿನಲ್ಲಿ ಇಡುವಾಗ 64ಕ್ಕೆ ಇಳಿಸುತ್ತವೆ. ಕೈಯಲ್ಲಿದ್ದ ಸಂಖ್ಯೆ ಒಂದು, ಗೂಡಿಗೆ ಹೋದದ್ದು ಇನ್ನೊಂದು. ನೋಡುವುದಕ್ಕೆಂದು ಸಂಖ್ಯೆಯನ್ನು ಗೂಡಿಗೆ ಇಳಿಸಿದರೆ ನೋಡಿದ್ದರಿಂದಲೇ ಅದು ಬದಲಾಗಿರುತ್ತದೆ. ಆದುದರಿಂದ ಡಿಬಗರ್ 80 ಬಿಟ್‌ಗಳನ್ನೂ ಇದ್ದದ್ದು ಇದ್ದ ಹಾಗೆ ಓದಬಲ್ಲುದೇ ಎಂಬುದು ಐದನೆಯ ಪರೀಕ್ಷೆ.

ಪರಸ್ಥಳದ ಯಂತ್ರ

ಆರನೆಯದು ಎಲ್ಲಕ್ಕಿಂತ ಸೂಕ್ಷ್ಮ. ಡಿಬಗರ್ ಒಂದು ಯಂತ್ರದಲ್ಲಿ ಕುಳಿತು ತಂತಿಯ ಮೂಲಕ ಬೇರೊಂದು ಯಂತ್ರವನ್ನು ತಪಾಸಣೆ ಮಾಡುವುದುಂಟು. ಮೇಜಿನ ಮೇಲಿನ ಗಣಕಯಂತ್ರದಿಂದ ಮೋಟಾರು ಕಾರಿನೊಳಗಿನ ಪುಟ್ಟ ಗಣಕವನ್ನು ನೋಡುವ ಹಾಗೆ. ಎರಡರ ಅಳತೆಗಳು ಬೇರೆಯಾಗಿರಬಹುದು. ಅತ್ಯಂತ ದೊಡ್ಡ ಅಳತೆಯ ದಶಾಂಶಕ್ಕೆ ಇಂಟೆಲ್ ಜಾತಿಯ ಯಂತ್ರಗಳಲ್ಲಿ 80 ಬಿಟ್. ಕೆಲವು ಬೇರೆ ಜಾತಿಯ ಯಂತ್ರಗಳಲ್ಲಿ 128 ಬಿಟ್. ಡಿಬಗರ್ ತಾನು ಕುಳಿತಿರುವ ಯಂತ್ರದ ಲೆಕ್ಕವನ್ನೇ ಬಳಸಿದರೆ, ಪರಸ್ಥಳದ ಸಂಖ್ಯೆಯ ಕೊನೆಯ ಅಂಕಿಗಳು ದಾರಿಯಲ್ಲಿಯೇ ಉದುರಿಹೋಗುತ್ತವೆ. ಸೇರಿನಲ್ಲಿ ಅಳೆದ ಭತ್ತವನ್ನು ಇನ್ನೊಂದು ಊರಿನ ಸೇರಿನ ಲೆಕ್ಕದಲ್ಲಿ ಹೇಳಿದಂತೆ. 2018ರ ಜನವರಿಯಲ್ಲಿ ಹೊರಬಂದ ಜಿ.ಡಿ.ಬಿ.ಯ 8.1ನೆಯ ಆವೃತ್ತಿಯಲ್ಲಿ ಇದಕ್ಕೆ ಪರಿಹಾರ ಬಂತು. ಎರಡು ಯಂತ್ರಗಳ ಅಳತೆಗಳು ಬೇರೆಯಾದಾಗ, ಬೇಕಾದಷ್ಟು ಬಿಟ್‌ಗಳಲ್ಲಿ ಲೆಕ್ಕ ಮಾಡಬಲ್ಲ ಎಂ.ಪಿ.ಎಫ್.ಆರ್. ಎಂಬ ಗ್ರಂಥಾಲಯದ ನೆರವಿನಿಂದ ಅದು ಪರಸ್ಥಳದ ಯಂತ್ರದಂತೆಯೇ ಲೆಕ್ಕ ಹಾಕುತ್ತದೆ. ಇಲ್ಲಿ ಗ್ರಂಥಾಲಯವೆಂದರೆ ಸಿದ್ಧವಾಗಿ ದೊರೆಯುವ ಪ್ರೋಗ್ರಾಮುಗಳ ಭಂಡಾರ.

ಉತ್ತರವನ್ನು ಯಾರಿಂದ ತಿಳಿಯಬೇಕು?

ಇಂಥ ಪರೀಕ್ಷೆಗಳನ್ನೆಲ್ಲ ಪ್ರಶ್ನೋತ್ತರದ ಪಟ್ಟಿಯಂತೆ ಬರೆದಿಡುತ್ತಾರೆ. ಜಿ.ಡಿ.ಬಿ.ಯ ಪಟ್ಟಿಯನ್ನು ನಡೆಸಲು ಡೆಜಾಗ್ನು ಎಂಬ ಏರ್ಪಾಡಿದೆ. ಪ್ರಶ್ನೆ ಇದು, ಬರಬೇಕಾದ ಉತ್ತರ ಇದು. ಬಂದರೆ ತೇರ್ಗಡೆ, ಇಲ್ಲವಾದರೆ ನಪಾಸು. ಡಿಬಗರಿನಲ್ಲಿ ಒಂದು ಸಾಲು ಬದಲಾಯಿಸಿದರೂ ಪಟ್ಟಿಯನ್ನು ಮತ್ತೆ ನಡೆಸುವುದು ಒಳ್ಳೆಯ ಪದ್ಧತಿ.

ಆದರೆ ಬರಬೇಕಾದ ಉತ್ತರವನ್ನು ಎಲ್ಲಿಂದ ತರಬೇಕು? ಡಿಬಗರನ್ನೇ ಕೇಳಿ ಬರೆದುಕೊಂಡರೆ, ಅಂಗಡಿಯವನ ಬಟ್ಟಿನಿಂದಲೇ ಅವನ ತಕ್ಕಡಿಯನ್ನು ಪರೀಕ್ಷಿಸಿದಂತೆ. ಬಿಟ್‌ಗಳಿಂದ ಕೈಯಾರೆ ಲೆಕ್ಕ ಹಾಕಿಯೋ, ಸಂಬಂಧವಿಲ್ಲದ ಇನ್ನೊಂದು ಸಾಧನದಿಂದಲೋ ಅದು ಬರಬೇಕು. 1994ರಲ್ಲಿ ಅಮೆರಿಕದ ವರ್ಜೀನಿಯದ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವರು ಅವಳಿ ಅವಿಭಾಜ್ಯ ಸಂಖ್ಯೆಗಳ ಲೆಕ್ಕದಲ್ಲಿ ಹೊಂದಾಣಿಕೆಯಾಗದ ಉತ್ತರ ಕಂಡರು. ತಮ್ಮ ಪ್ರೋಗ್ರಾಮು, ಅದನ್ನು ಯಂತ್ರಭಾಷೆಗೆ ತಂದ ಸಾಧನ, ಯಂತ್ರದ ಭಾಗಗಳು, ಹೀಗೆ ಒಂದೊಂದನ್ನೇ ಸಂಶಯಿಸಿ ತಿಂಗಳುಗಟ್ಟಲೆ ಶೋಧಿಸಿದ ಮೇಲೆ, ತಪ್ಪು ಪೆಂಟಿಯಂ ಚಿಪ್ಪಿನ ಭಾಗಾಕಾರದಲ್ಲಿಯೇ ಇದೆಯೆಂದು ಗೊತ್ತಾಯಿತು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕಾದ ಕಡೆ ಆ ಚಿಪ್ಪು 1.33374 ಎನ್ನುತ್ತಿತ್ತು. ಬೇರೆ ಜಾತಿಯ ಯಂತ್ರದ ಉತ್ತರ ಪಕ್ಕದಲ್ಲಿ ಇಲ್ಲದಿದ್ದರೆ ಇಂಥ ತಪ್ಪನ್ನು ತಪ್ಪೆಂದು ಗುರುತಿಸುವವರಾರು?

ಮತ್ತೊಂದು ಪ್ರಲೋಭನೆಯನ್ನೂ ಹೇಳಿಬಿಡುತ್ತೇನೆ. ಪರೀಕ್ಷೆ ನಪಾಸಾದಾಗ, ‘ಸುಮಾರು 0.3 ಬಂದರೆ ಸಾಕು’ ಎಂದು ಪಟ್ಟಿಯಲ್ಲಿ ತಿದ್ದಿಬಿಡುವುದು ಸುಲಭ. ಲೆಕ್ಕ ಹಾಕುವ ಪ್ರೋಗ್ರಾಮಿನಲ್ಲಿ ಇಂಥ ಸಡಿಲಿಕೆ ಕೆಲವೊಮ್ಮೆ ಯುಕ್ತವೇ. ಅಲ್ಲಿ ಎಷ್ಟು ತಪ್ಪನ್ನು ಸಹಿಸಬಹುದೆಂದು ಯೋಚಿಸಿ ನಿಶ್ಚಯಿಸಿರುತ್ತಾರೆ. ಡಿಬಗರಿನಲ್ಲಿ ಅದು ಸಲ್ಲದು. ತಪ್ಪನ್ನು ಸಹಿಸಬಹುದೋ ಇಲ್ಲವೋ ಎಂದು ತೀರ್ಮಾನಿಸಬೇಕಾದವನು ನೋಡುವ ಮನುಷ್ಯ. ಅವನಿಗೆ ತೀರ್ಮಾನ ಮಾಡುವ ಅವಕಾಶ ಸಿಗಬೇಕಾದರೆ ಡಿಬಗರ್ ಇದ್ದ ಸಂಖ್ಯೆಯನ್ನು ಇದ್ದಂತೆ ತೋರಿಸಬೇಕು.

ಯಂತ್ರಕ್ಕೆ ಹತ್ತನೆಯ ಒಂದನ್ನು ಪೂರ್ತಿಯಾಗಿ ಬರೆಯಲು ಬಾರದು ಎಂಬುದು ಅದರ ಅಪರಾಧವಲ್ಲ. ಅದು ಅದರ ಸ್ವಭಾವ. ನಮಗೂ ಮೂರನೆಯ ಒಂದನ್ನು ದಶಾಂಶದಲ್ಲಿ ಬರೆದು ಮುಗಿಸಲು ಬಾರದು. ಬರಲಿಲ್ಲವೆಂಬುದನ್ನು ಮುಚ್ಚಿಟ್ಟರೆ ಮಾತ್ರ ಕೇಡು. ಇನ್ನು ಮೇಲೆ ಯಾವುದಾದರೂ ಪರದೆಯ ಮೇಲೆ ಹದಿನೇಳನೆಯ ಸ್ಥಾನದಲ್ಲಿ ಒಂದು ಅನಾಥ ಅಂಕಿ ನಿಮಗೆ ಕಂಡರೆ ನಗಬೇಡಿ. ಅಲ್ಲಿ ಒಂದು ತಕ್ಕಡಿ ಸತ್ಯವನ್ನು ಹೇಳುತ್ತಿದೆ ಎಂದು ತಿಳಿಯಿರಿ.